ಸ್ವಲೀನತೆಯುಳ್ಳ ಮಕ್ಕಳ ಕಾರ್ಯನಿರ್ವಹಣಾ ಸಾಮರ್ಥ್ಯದ ಮೌಲ್ಯಮಾಪನ: ಮನವಿ ಪತ್ರ

ಇವರಿಗೆ,
ಪ್ರಧಾನ ಕಾರ್ಯದರ್ಶಿಗಳು,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಸ್ವಲೀನತೆಯುಳ್ಳ ಶಾಲಾ ಮಕ್ಕಳ ಕಾರ್ಯನಿರ್ವಹಣಾ ಸಾಮರ್ಥ್ಯವನ್ನು ಕನ್ನಡದಲ್ಲಿ, ಅವರ ನಿತ್ಯದ ಪರಿಸರದಲ್ಲಿ ಅಳೆಯುವ ವ್ಯವಸ್ಥೆ ಕಲ್ಪಿಸುವ ಬಗ್ಗೆ.

ಮಾನ್ಯರೇ,

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ಸ್ವಲೀನತೆಯನ್ನು, ಅಂದರೆ ಆಟಿಸಂ ಅನ್ನು, 21 ವಿಕಲತೆಗಳಲ್ಲಿ ಒಂದೆಂದು ಗುರುತಿಸಿದೆ. ಆದರೆ ವಿಕಲತೆಯ ಪ್ರಮಾಣಪತ್ರ ಪಡೆದು ಶಾಲೆಗೆ ಬಂದ ಮಗುವಿಗೆ ತರಗತಿಯಲ್ಲಿ ಯಾವ ನೆರವು ಬೇಕೆಂಬುದು ಆ ಪತ್ರದಿಂದ ತಿಳಿಯುವುದಿಲ್ಲ ಎಂಬ ಸಂಗತಿಯನ್ನು ಪಾಲಕರು ಮತ್ತು ವಿಶೇಷ ಶಿಕ್ಷಕರು ಇಲಾಖೆಯ ಗಮನಕ್ಕೆ ತರುತ್ತಿದ್ದಾರೆ.

ಕೆಲಸವನ್ನು ಹಂತಗಳಾಗಿ ಯೋಜಿಸುವುದು, ಕೇಳಿದ ಸೂಚನೆಯನ್ನು ಕೆಲಸ ಮುಗಿಯುವವರೆಗೆ ನೆನಪಿನಲ್ಲಿ ಹಿಡಿದಿಡುವುದು, ತಟ್ಟನೆ ಹೊಮ್ಮುವ ಪ್ರತಿಕ್ರಿಯೆಯನ್ನು ತಡೆಯುವುದು, ಒಂದರಿಂದ ಇನ್ನೊಂದಕ್ಕೆ ಗಮನ ಹೊರಳಿಸುವುದು, ಇವೆಲ್ಲ ಸೇರಿ ಕಾರ್ಯನಿರ್ವಹಣಾ ಸಾಮರ್ಥ್ಯ ಎನಿಸುತ್ತದೆ. ‘ಗಣಿತದ ಪುಸ್ತಕ ತೆಗೆದು, 42ನೇ ಪುಟದ ಮೂರನೇ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಿ’ ಎಂದು ಶಿಕ್ಷಕಿ ಹೇಳಿದಾಗ, ಲೆಕ್ಕ ಚೆನ್ನಾಗಿ ಬಂದರೂ ಈ ಸಾಮರ್ಥ್ಯದಲ್ಲಿ ತೊಡಕಿರುವ ಮಗು ಪುಸ್ತಕ ತೆಗೆದ ಮೇಲೆ ಮುಂದಿನ ಹಂತ ಮರೆತು ಸುಮ್ಮನೆ ಕೂತಿರಬಹುದು, ಇಲ್ಲವೇ ಹಿಂದಿನ ಪಾಠದ ಚಿತ್ರವನ್ನೇ ಬಿಡಿಸುತ್ತಿರಬಹುದು; ಇಂಥ ಮಗುವಿಗೆ ‘ಹಠಮಾರಿ’, ‘ಸೋಮಾರಿ’ ಎಂಬ ಹಣೆಪಟ್ಟಿ ಅಂಟುವುದು ಅನ್ಯಾಯ.

ಪ್ರಮಾಣೀಕರಣಕ್ಕೆ ಬಳಸುವ ಭಾರತೀಯ ಸ್ವಲೀನತಾ ಮಾಪನವು (ಐಎಸ್‌ಎಎ) 40 ಅಂಶಗಳ ಮೂಲಕ ಸ್ವಲೀನತೆಯ ತೀವ್ರತೆಯನ್ನು ಅಳೆಯುತ್ತದೆ. ಯೋಜನೆ ಅಥವಾ ಗಮನ ಹೊರಳಿಕೆಯನ್ನು ಬಿಡಿಸಿ ತೋರಿಸುವುದು ಅದರ ಉದ್ದೇಶವೇ ಅಲ್ಲ. ಕಾರ್ಯನಿರ್ವಹಣಾ ಸಾಮರ್ಥ್ಯವನ್ನು ಅಳೆಯಲೆಂದೇ ಇರುವ ಪರೀಕ್ಷೆಗಳನ್ನೂ ಎಚ್ಚರದಿಂದ ಬಳಸಬೇಕಾಗುತ್ತದೆ. ಬದಲಾಗುವ ನಿಯಮವನ್ನು ಊಹಿಸಿ ಕಾರ್ಡುಗಳನ್ನು ವಿಂಗಡಿಸುವ ವಿಸ್ಕಾನ್ಸಿನ್ ಪರೀಕ್ಷೆಯಲ್ಲಿ ‘ಸರಿ’, ‘ತಪ್ಪು’ ಎಂದು ಎದುರಿನ ವ್ಯಕ್ತಿ ಹೇಳುತ್ತಿರುವುದರಿಂದ, ಕಡಿಮೆ ಅಂಕಕ್ಕೆ ಗಮನ ಹೊರಳಿಸಲಾಗದ್ದು ಕಾರಣವೋ, ಸಾಮಾಜಿಕ ಸಂವಹನದ ತೊಡಕು ಕಾರಣವೋ ಎಂಬುದು ಸ್ಪಷ್ಟವಾಗುವುದಿಲ್ಲ. ಬಣ್ಣದ ಹೆಸರನ್ನು ಬೇರೆ ಬಣ್ಣದ ಶಾಯಿಯಲ್ಲಿ ಮುದ್ರಿಸಿ ಶಾಯಿಯ ಬಣ್ಣ ಹೇಳಿಸುವ ಸ್ಟ್ರೂಪ್ ಪರೀಕ್ಷೆ ಸರಾಗ ಓದನ್ನು ಬೇಡುತ್ತದೆ. ಮಗುವಿಗೆ ಓದಲು ಬಾರದ ಭಾಷೆಯಲ್ಲಿ ಅದನ್ನು ಕೊಟ್ಟರೆ ಫಲಿತಾಂಶಕ್ಕೆ ಅರ್ಥವಿಲ್ಲ. ಇನ್ನೊಂದು ಕಡೆ, ನಿಶ್ಶಬ್ದ ಕೋಣೆಯಲ್ಲಿ ಹೆಜ್ಜೆಹೆಜ್ಜೆಗೂ ಸೂಚನೆ ಸಿಗುವಾಗ ಉತ್ತಮ ಅಂಕ ಪಡೆಯುವ ಮಗು ಗದ್ದಲದ ತರಗತಿಯಲ್ಲಿ ತಡವರಿಸಬಹುದು. ಪಾಲಕರೂ ಶಿಕ್ಷಕರೂ ನಿತ್ಯದ ವರ್ತನೆಯನ್ನು ಗಮನಿಸಿ ತುಂಬುವ ಬ್ರೀಫ್ ಮುಂತಾದ ಪ್ರಶ್ನಾವಳಿಗಳ ಅಂಕಗಳಿಗೂ ಕೋಣೆಯೊಳಗಿನ ಪರೀಕ್ಷೆಯ ಅಂಕಗಳಿಗೂ ಹೊಂದಾಣಿಕೆ ಕಡಿಮೆ ಎಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಆದ್ದರಿಂದ ಯಾವುದೋ ಒಂದೇ ಅಂಕೆಯ ಮೇಲೆ ಮಗುವಿನ ಶಿಕ್ಷಣವನ್ನು ತೀರ್ಮಾನಿಸಬಾರದು.

ಈ ಹಿನ್ನೆಲೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ತಜ್ಞರ ನೆರವಿನಿಂದ, ಗ್ರಾಮೀಣ ಮಕ್ಕಳನ್ನೂ ಒಳಗೊಂಡು ಪ್ರಮಾಣೀಕರಿಸಿದ ಕನ್ನಡದ ಪರೀಕ್ಷೆ ಹಾಗೂ ಪ್ರಶ್ನಾವಳಿಗಳನ್ನು ಇಲಾಖೆ ಸಿದ್ಧಪಡಿಸಬೇಕು. ಮಾತು ಬಾರದ ಮಕ್ಕಳಿಗೆ ಚಿತ್ರ ಮತ್ತು ವಸ್ತುಗಳ ಮೂಲಕ ನಡೆಸುವ ಪರೀಕ್ಷೆ ಇರಬೇಕು; ಅವರನ್ನು ‘ಪರೀಕ್ಷಿಸಲಾಗದು’ ಎಂದು ಬರೆದು ಕೈಬಿಡುವಂತಿಲ್ಲ. ತರಗತಿಯ ಅವಲೋಕನವನ್ನು ಕಡ್ಡಾಯಗೊಳಿಸಿ, ಅದಕ್ಕಾಗಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳ ವಿಶೇಷ ಶಿಕ್ಷಕರಿಗೆ ತರಬೇತಿ ನೀಡಬೇಕು. ವರದಿಯು ಪಾಲಕರಿಗೆ ಅರ್ಥವಾಗುವ ಕನ್ನಡದಲ್ಲಿದ್ದು, ಚಿತ್ರಸಹಿತ ದಿನಚರಿ, ಒಂದೊಂದಾಗಿ ಬರೆದುಕೊಟ್ಟ ಸೂಚನೆ, ಚಟುವಟಿಕೆ ಬದಲಾಗುವ ಮೊದಲೇ ಮುನ್ಸೂಚನೆ ಮುಂತಾದ ನೆರವುಗಳಲ್ಲಿ ಆ ಮಗುವಿಗೆ ಯಾವುದು ಬೇಕೆಂದು ಹೇಳಬೇಕು. ಅಧಿನಿಯಮದ 17ನೇ ಕಲಮಿನಂತೆ ಶಾಲಾ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮೊದಲಾದ ಮಾರ್ಪಾಡುಗಳನ್ನು ನೀಡುವಾಗಲೂ ಈ ವರದಿಯನ್ನು ಆಧಾರವಾಗಿ ಪರಿಗಣಿಸಬೇಕು. ಆದರೆ ಯಾವುದೇ ಮಗುವಿಗೆ ಪ್ರವೇಶ ನಿರಾಕರಿಸಲು ಇದನ್ನು ಬಳಸಕೂಡದು.

ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮುನ್ನವೇ ಇಲಾಖೆಯು ಈ ಕುರಿತು ಸುತ್ತೋಲೆ ಹೊರಡಿಸಿ, ಅಗತ್ಯ ಅನುದಾನ ಒದಗಿಸಬೇಕೆಂದು ವಿನಂತಿಸಲಾಗಿದೆ.


ಸ್ವಲೀನತೆಯುಳ್ಳ ಮಕ್ಕಳ ಪಾಲಕರು ಮತ್ತು ವಿಶೇಷ ಶಿಕ್ಷಕರು