ಸೇಡಿನ ಕಥೆಯಲ್ಲಿ ಸತ್ತವನ ಪಾಲು

ಅಣ್ಣನನ್ನು ಯಾರೋ ಕೊಂದಿದ್ದಾರೆ. ತಮ್ಮ ಕುದುರೆ ಏರಿ ಊರಿಗೆ ಬರುತ್ತಾನೆ. ಊರು ಒಬ್ಬ ಜಮೀನ್ದಾರನ ಕೈಯಲ್ಲಿದೆ, ಶೆರೀಫ್ ಅವನ ಋಣದಲ್ಲಿದ್ದಾನೆ, ಮದ್ಯದಂಗಡಿಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು, ಬಾಯಿ ಬಿಡುವವರು ಮಾತ್ರ ಇಲ್ಲ. ಒಂದೂವರೆ ತಾಸಿನಲ್ಲಿ ಒಬ್ಬೊಬ್ಬರಾಗಿ ಉರುಳುತ್ತಾರೆ, ಕೊನೆಗೆ ಹಿರಿಯ ಖಳನೂ ಬೀಳುತ್ತಾನೆ. 1960ರ ದಶಕದ ನಡುವಿನಿಂದ ಸುಮಾರು ಹದಿನೈದು ವರ್ಷ ಇಟಲಿ, ಸ್ಪೇನ್, ಪಶ್ಚಿಮ ಜರ್ಮನಿಯ ನಿರ್ಮಾಪಕರು ಪಾಲುದಾರಿಕೆಯಲ್ಲಿ ಐನೂರರ ಆಸುಪಾಸು ಕೌಬಾಯ್ ಚಿತ್ರಗಳನ್ನು ತೆಗೆದರು. ಅವುಗಳಲ್ಲಿ ಎಷ್ಟೋ ಚಿತ್ರಗಳ ಕಥೆ ಇದೇ, ಇಲ್ಲವೇ ಇದರ ಅಕ್ಕಪಕ್ಕದ್ದು. ಕೊಲೆಯಾದವನು ಅಣ್ಣನಲ್ಲದಿದ್ದರೆ ಅಪ್ಪ, ಅಪ್ಪನಲ್ಲದಿದ್ದರೆ ಹೆಂಡತಿ.

ಬಹಳ ದಿನ ಇವನ್ನು ಅಗ್ಗದ ಸರಕೆಂದೇ ವಿಮರ್ಶಕರು ಬದಿಗಿಟ್ಟರು. ದುಡ್ಡಿನ ಲೆಕ್ಕದಲ್ಲಿ ಅಗ್ಗದವು ಎಂಬುದು ನಿಜ. ಸೆರ್ಜಿಯೋ ಲಿಯೋನೆ 1964ರಲ್ಲಿ ತೆಗೆದ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಚಿತ್ರದ ಒಟ್ಟು ಖರ್ಚು ಎರಡು ಲಕ್ಷ ಡಾಲರ್ ಆಸುಪಾಸು. ನಾಯಕ ಕ್ಲಿಂಟ್ ಈಸ್ಟ್‌ವುಡ್‌ಗೆ ಕೊಟ್ಟದ್ದು 15 ಸಾವಿರ ಡಾಲರ್. ಪ್ಯಾಂಟು, ಟೋಪಿ, ಚುಟ್ಟಾಗಳನ್ನು ಅವರು ಅಮೆರಿಕದಿಂದ ತಾವೇ ಕೊಂಡು ತಂದಿದ್ದರು. ಬೇರೆ ಚಿತ್ರಕ್ಕೆಂದು ಮ್ಯಾಡ್ರಿಡ್ ಹತ್ತಿರ ಕಟ್ಟಿದ್ದ ಹಳೆಯ ಸೆಟ್ಟೇ ಊರಾಯಿತು. ಸ್ಥಳದಲ್ಲಿ ಧ್ವನಿಮುದ್ರಣವಿಲ್ಲ; ಇಟಲಿಯವರು ಇಟಾಲಿಯನ್, ಜರ್ಮನರು ಜರ್ಮನ್, ಈಸ್ಟ್‌ವುಡ್ ಇಂಗ್ಲಿಷ್ ಮಾತಾಡಿದರು, ಆಮೇಲೆ ಎಲ್ಲವನ್ನೂ ಡಬ್ ಮಾಡಿಕೊಂಡರು. ಪ್ರೇಕ್ಷಕರು ಅಮೆರಿಕದ ಚಿತ್ರವೆಂದು ನಂಬಲಿ ಎಂದು ಲಿಯೋನೆ 'ಬಾಬ್ ರಾಬರ್ಟ್‌ಸನ್' ಆದರು, ಸಂಗೀತ ನಿರ್ದೇಶಕ ಎನ್ನಿಯೋ ಮೊರಿಕೋನೆ 'ಡ್ಯಾನ್ ಸಾವಿಯೋ' ಆದರು.

ಆ ಕೊರತೆಯೇ ಹೊಸ ಶೈಲಿಯನ್ನು ಹುಟ್ಟಿಸಿತು. ದೊಡ್ಡ ವಾದ್ಯವೃಂದಕ್ಕೆ ಹಣವಿರಲಿಲ್ಲ. ಮೊರಿಕೋನೆ ಸಿಳ್ಳು, ಚಾಟಿಯ ಏಟು, ಗಂಟೆ, ಎಲೆಕ್ಟ್ರಿಕ್ ಗಿಟಾರ್ ಸೇರಿಸಿ ರಾಗ ಕಟ್ಟಿದರು. ಅಗಲ ಪರದೆಯ ಚಿತ್ರಕ್ಕೆ ಬೇಕಾದ ದುಬಾರಿ ಲೆನ್ಸ್ ಕೈಗೆಟುಕುತ್ತಿರಲಿಲ್ಲ. ಟೆಕ್ನಿಸ್ಕೋಪ್ ಎಂಬ ವಿಧಾನದಲ್ಲಿ ಪ್ರತಿ ಚೌಕಟ್ಟಿಗೆ ಫಿಲಂನ ನಾಲ್ಕು ರಂಧ್ರಗಳಿಗೆ ಬದಲು ಎರಡೇ ರಂಧ್ರಗಳಷ್ಟು ಉದ್ದ ಸಾಕಾಗುತ್ತಿತ್ತು. ಕಚ್ಚಾ ಫಿಲಂ ಖರ್ಚು ಅರ್ಧಕ್ಕಿಳಿಯಿತು. ಆ ಚೌಕಟ್ಟಿನಲ್ಲಿ ಕಣ್ಣು, ಬೆವರು, ಬೆರಳುಗಳನ್ನು ತೀರಾ ಹತ್ತಿರದಿಂದ ಹಿಡಿದರೆ ಪರದೆಯ ತುಂಬ ಬೆಟ್ಟದಂತೆ ನಿಲ್ಲುತ್ತಿದ್ದವು. ಸ್ಪೇನಿನ ಅಲ್ಮೇರಿಯಾ ಪ್ರಾಂತದ ತಬೆರ್ನಾಸ್ ಎಂಬ ಒಣನೆಲ ಟೆಕ್ಸಾಸ್, ಮೆಕ್ಸಿಕೋಗಳ ವೇಷ ಹಾಕಿತು. ಅಲ್ಲಿಯ ಹಳೆಯ ಸೆಟ್ಟುಗಳನ್ನು ನೋಡಲು ಇಂದಿಗೂ ಪ್ರವಾಸಿಗರು ಟಿಕೆಟ್ ಕೊಂಡು ಹೋಗುತ್ತಾರೆ.

ಇಷ್ಟಾಗಿಯೂ ಈ ಚಿತ್ರಗಳಲ್ಲಿ ಹೆಚ್ಚಿನವು ಮರೆತುಹೋದವು. ಬಡ ಬಜೆಟ್ ಅದಕ್ಕೆ ಕಾರಣವಲ್ಲ. ಉಳಿದುಕೊಂಡ ಚಿತ್ರಗಳೂ ಬಡವೇ ಆಗಿದ್ದವು. ಮರೆತುಹೋದ ಚಿತ್ರಗಳಲ್ಲಿ ಸತ್ತ ಅಣ್ಣ ಒಂದು ನೆಪ. ಮೊದಲ ರೀಲಿನಲ್ಲಿ ಅವನನ್ನು ಕೊಂದು ಮುಗಿಸಿದರೆ ತಮ್ಮನಿಗೆ ಬಂದೂಕು ಹಿಡಿಯಲು ಪರವಾನಗಿ ಸಿಕ್ಕಂತೆ. ಅವನು ಹೇಗೆ ನಗುತ್ತಿದ್ದ, ತಮ್ಮನೊಂದಿಗೆ ಯಾವುದಕ್ಕೆ ಜಗಳಾಡುತ್ತಿದ್ದ, ಅವನಿಲ್ಲದ ಮನೆ ಹೇಗಿದೆ ಎಂಬುದಕ್ಕೆ ಎರಡು ನಿಮಿಷದ ಜಾಗವೂ ಇಲ್ಲ.

ಇದೇ ಕಥೆಗೆ ಮರ್ಯಾದೆ ತಂದವರು ಮತ್ತೆ ಲಿಯೋನೆ. 1968ರಲ್ಲಿ, ಈ ಸಲ ಹಾಲಿವುಡ್ಡಿನ ದೊಡ್ಡ ದುಡ್ಡಿನಲ್ಲಿ, ಅವರು 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' ತೆಗೆದರು. ಚಾರ್ಲ್ಸ್ ಬ್ರಾನ್ಸನ್ ಅದರಲ್ಲಿ ಹೆಸರಿಲ್ಲದವನು. ಕೊರಳಲ್ಲಿ ನೇತುಬಿದ್ದ ಹಾರ್ಮೋನಿಕಾ ಊದುತ್ತಾನೆ, ಜನ ಅದೇ ಹೆಸರಿನಿಂದ ಕರೆಯುತ್ತಾರೆ. ಕೊಲೆಗಾರ ಫ್ರ್ಯಾಂಕ್ (ಹೆನ್ರಿ ಫಾಂಡಾ) 'ನೀನು ಯಾರು' ಎಂದು ಕೇಳಿದಾಗಲೆಲ್ಲ ಅವನು ಬೇರೆ ಬೇರೆಯವರ ಹೆಸರು ಹೇಳುತ್ತಾನೆ. ಅವೆಲ್ಲ ಫ್ರ್ಯಾಂಕ್ ಕೈಯಲ್ಲಿ ಸತ್ತವರ ಹೆಸರುಗಳು. ಕಾರಣ ತಿಳಿಯುವುದು ಕೊನೆಯ ಕಾಳಗದ ನಡುವೆ. ಬಯಲಲ್ಲಿ ಇಟ್ಟಿಗೆಯ ಒಂದು ಕಮಾನು. ಅದರಿಂದ ಇಳಿಬಿದ್ದ ನೇಣು ಅಣ್ಣನ ಕೊರಳಲ್ಲಿದೆ. ಅಣ್ಣ ನಿಂತಿರುವುದು ಎಳೆಯ ತಮ್ಮನ ಹೆಗಲ ಮೇಲೆ. ಹುಡುಗನ ಕಾಲು ಸೋತರೆ ಅಣ್ಣನ ಜೀವ ಹೋಯಿತು. ಫ್ರ್ಯಾಂಕ್ ನಗುತ್ತ ಆ ಹುಡುಗನ ಬಾಯಿಗೆ ಹಾರ್ಮೋನಿಕಾ ತುರುಕುತ್ತಾನೆ. ಅಲ್ಲಿಯವರೆಗೆ ಕೇಳಿಸಿದ ಆ ಕರ್ಕಶ ಸ್ವರ ಒಂದು ಮಗುವಿನ ಉಸಿರಾಗಿತ್ತು ಎಂಬುದು ಆಗ ಗೊತ್ತಾಗುತ್ತದೆ. ಅಣ್ಣನಿಗೆ ಚಿತ್ರದಲ್ಲಿ ಒಂದು ಮಾತೂ ಇಲ್ಲವೆಂಬಷ್ಟು ಚಿಕ್ಕ ಪಾತ್ರ, ಆದರೂ ಇಡೀ ಚಿತ್ರ ಅವನದು.

ಕನ್ನಡದ ಓದುಗರಿಗೆ ಇಂಥ ದುಃಖ ಹೊಸದಲ್ಲ. ಮುಧೋಳ ಸೀಮೆಯ ರನ್ನ ಸುಮಾರು ಸಾವಿರ ವರ್ಷದ ಹಿಂದೆ, ಚಾಲುಕ್ಯ ಸತ್ಯಾಶ್ರಯನ ಆಶ್ರಯದಲ್ಲಿದ್ದು, 'ಗದಾಯುದ್ಧ' ಬರೆದ. ಕಾವ್ಯದ ನಾಯಕ ಭೀಮ; ಆಶ್ರಯದಾತನನ್ನು ಅವನಿಗೆ ಸಮೀಕರಿಸಿಯೇ ಕವಿ ಕಥೆ ಹೇಳುತ್ತಾನೆ. ಆದರೆ ಓದಿದವರ ಮನಸ್ಸಿನಲ್ಲಿ ನಿಲ್ಲುವವನು ಹೆಣಗಳ ನಡುವೆ ಒಬ್ಬನೇ ನಡೆಯುವ ದುರ್ಯೋಧನ. ದುಶ್ಶಾಸನನ ಸೀಳಿದ ದೇಹದ ಮುಂದೆ ನಿಂತು ಅವನು ನೆನೆಯುವುದು ರಾಜ್ಯವನ್ನಲ್ಲ. ತಾಯಿಯ ಹಾಲನ್ನು ಮೊದಲು ತಾನು ಕುಡಿದದ್ದು, ಆಮೇಲೆ ತಮ್ಮ ಕುಡಿದದ್ದು; ಒಳ್ಳೆಯ ಊಟವನ್ನು ಮೊದಲು ತಾನುಂಡದ್ದು, ಆಮೇಲೆ ತಮ್ಮ ಉಂಡದ್ದು; ಚಿಕ್ಕಂದಿನಿಂದ ಒಮ್ಮೆಯೂ ಆ ಸರದಿ ಮೀರದವನು ಸಾವಿನಲ್ಲಿ ಮಾತ್ರ ತನಗಿಂತ ಮುಂದೆ ಹೋದನಲ್ಲ ಎಂದು ಅಣ್ಣ ಹಲುಬುತ್ತಾನೆ. ಧೃತರಾಷ್ಟ್ರ, ಗಾಂಧಾರಿ ಸಂಧಿ ಮಾಡಿಕೊಳ್ಳೆಂದು ಬೇಡಿಕೊಂಡರೂ ಅವನು ಒಪ್ಪುವುದಿಲ್ಲ. ಕರ್ಣನನ್ನೂ ದುಶ್ಶಾಸನನನ್ನೂ ಕೊಂದವರ ಜೊತೆ ಒಂದು ನೆಲದಲ್ಲಿ ಬಾಳುವುದು ಅವನಿಂದಾಗದು.

ದ್ರೌಪದಿಯ ಮುಡಿಗೆ ಕೈಯಿಕ್ಕಿದವನು ದುಶ್ಶಾಸನ. ಅವನ ಸಾವಿಗೂ ಓದುಗನ ಕಣ್ಣು ತೇವವಾಗುವಂತೆ ಮಾಡಿದ್ದು ರನ್ನನ ದೊಡ್ಡತನ. ಸೇಡು ಸರಿಯೆಂದು ಕವಿ ಎಲ್ಲೂ ಹೇಳುವುದಿಲ್ಲ. ಸೇಡಿನ ಹಿಂದೆ ಹಾಲು ಹಂಚಿಕೊಂಡ ಒಂದು ಬಾಲ್ಯವಿದೆ ಎಂದಷ್ಟೇ ತೋರಿಸುತ್ತಾನೆ. ಉತ್ತರ ಕರ್ನಾಟಕದ ಸಣ್ಣಾಟ 'ಸಂಗ್ಯಾ ಬಾಳ್ಯಾ' ಹಿಡಿದದ್ದೂ ಇದೇ ದಾರಿ. ಬೈಲಹೊಂಗಲ ಸೀಮೆಯಲ್ಲಿ ನಡೆದ ಘಟನೆಯಿಂದ ಹುಟ್ಟಿತೆನ್ನುವ ಈ ಆಟದಲ್ಲಿ ಪರಸ್ತ್ರೀಯ ಮೋಹಕ್ಕೆ ಬಿದ್ದ ಸಂಗ್ಯಾನನ್ನು ಆಕೆಯ ಗಂಡ ಈರಣ್ಣ ಮತ್ತು ಅವನ ತಮ್ಮಂದಿರು ಕೊಲ್ಲುತ್ತಾರೆ. ತಪ್ಪು ಮಾಡಿದವನು ಸಂಗ್ಯಾನೇ ಎಂದು ಗೊತ್ತಿದ್ದೂ ಅಟ್ಟದ ಮುಂದೆ ಕೂತ ಜನ ಅವನಿಗಾಗಿ ಮರುಗುತ್ತಾರೆ.

ಸಿನಿಮಾಕ್ಕೆ ಬಂದರೆ, ಯುರೋಪಿನ ಕೌಬಾಯ್ ಚಿತ್ರಗಳ ಗಾಳಿ ದಕ್ಷಿಣಕ್ಕೆ ಬೇಗನೆ ಬೀಸಿತು. 1971ರಲ್ಲಿ ಕೆ.ಎಸ್.ಆರ್. ದಾಸ್ ನಿರ್ದೇಶನದಲ್ಲಿ, ಕೃಷ್ಣ ನಾಯಕರಾಗಿ, ತೆಲುಗಿನ 'ಮೋಸಗಾಳ್ಳಕು ಮೋಸಗಾಡು' ಬಂತು. ರಾಜಸ್ಥಾನದ ಮರಳುಗಾಡಿಗೆ ಹೋಗಿ ಚಿತ್ರೀಕರಿಸಿದ ಅದು ಲಿಯೋನೆ ಚಿತ್ರಗಳ ನೇರ ಪ್ರಭಾವದಲ್ಲಿತ್ತು. ಅದೇ ದಾಸ್ ಕನ್ನಡಕ್ಕೆ ಬಂದು 'ಕಳ್ಳ ಕುಳ್ಳ' (1975), 'ಸಹೋದರರ ಸವಾಲ್' (1977) ಮಾಡಿದರು. ಇನ್ನೊಂದು ದಾರಿ ಜಪಾನಿನದು. ಅಕಿರಾ ಕುರೊಸಾವಾರ 'ಯೋಜಿಂಬೊ' (1961) ಚಿತ್ರವನ್ನು ಅನುಮತಿಯಿಲ್ಲದೆ ಬಳಸಿಕೊಂಡೇ ಲಿಯೋನೆ ತಮ್ಮ ಮೊದಲ ಕೌಬಾಯ್ ಚಿತ್ರ ಮಾಡಿದ್ದರು, ಅದಕ್ಕಾಗಿ ಗಳಿಕೆಯಲ್ಲಿ ಪಾಲನ್ನೂ ಕೊಡಬೇಕಾಯಿತು. ಗಿರೀಶ ಕಾರ್ನಾಡರು ಅದೇ ಕುರೊಸಾವಾಗೆ ಗೌರವ ಸಲ್ಲಿಸುತ್ತ 1978ರಲ್ಲಿ 'ಒಂದಾನೊಂದು ಕಾಲದಲ್ಲಿ' ಕೊಟ್ಟರು. ಒಡೆದುಹೋದ ಅಣ್ಣತಮ್ಮಂದಿರ ನಡುವೆ ಕೂಲಿಗೆ ಕತ್ತಿ ಹಿಡಿಯುವ ಗಂಡುಗಲಿಯಾಗಿ ಶಂಕರ್‌ನಾಗ್ ಮೊದಲ ಬಾರಿಗೆ ಪರದೆಗೆ ಬಂದದ್ದು ಆ ಚಿತ್ರದಲ್ಲಿ.

ಕೊಲೆಯಾದ ಅಣ್ಣನ ಕಥೆ ಇತ್ತೀಚಿನ ಕನ್ನಡದಲ್ಲಿ ನೇರವಾಗಿ ಬಂದದ್ದು 2017ರ 'ಹೆಬ್ಬುಲಿ'ಯಲ್ಲಿ. ಎಸ್. ಕೃಷ್ಣ ನಿರ್ದೇಶನದ ಈ ಚಿತ್ರದಲ್ಲಿ ಸುದೀಪ್ ಸೇನೆಯ ಕಮಾಂಡೊ, ರವಿಚಂದ್ರನ್ ಅವನ ಐಎಎಸ್ ಅಣ್ಣ. ಅಣ್ಣ ಆತ್ಮಹತ್ಯೆ ಮಾಡಿಕೊಂಡನೆಂದು ನಂಬಿಸಿದ್ದು ಸುಳ್ಳೆಂದು ತಿಳಿದಾಗ ತಮ್ಮ ಸೇಡಿಗೆ ಹೊರಡುತ್ತಾನೆ. ಪ್ರೇಕ್ಷಕರು ವರ್ಷಗಳಿಂದ ಪ್ರೀತಿಸಿದ ನಟನನ್ನು ಅಣ್ಣನ ಪಾತ್ರಕ್ಕೆ ಹಾಕಿದ್ದು ಸರಿಯಾದ ಆಯ್ಕೆ. ಸತ್ತವನಿಗೆ ಅಲ್ಲಿ ಮುಖವಿದೆ, ತೂಕವಿದೆ. ಇತ್ತೀಚಿನ ಉಳಿದ ಎಷ್ಟೋ ಸೇಡಿನ ಚಿತ್ರಗಳ ಬಗ್ಗೆ ಈ ಮಾತು ಹೇಳಲಾಗದು. ಕತ್ತಿ, ಮಚ್ಚು, ನಿಧಾನಗತಿಯ ನಡಿಗೆಗೆ ಸಿಗುವ ಸಮಯ ಸತ್ತವನ ನೆನಪಿಗೆ ಸಿಗುತ್ತಿಲ್ಲ.

ಇನ್ನು ನೆಲದ ಮಾತು. ಭಾರತದ ಅತಿ ದೊಡ್ಡ ಸೇಡಿನ ಚಿತ್ರ 'ಶೋಲೆ' ಚಿತ್ರೀಕರಣ ಶುರುವಾದದ್ದು 1973ರಲ್ಲಿ, ನಮ್ಮ ರಾಮನಗರದ ಬಂಡೆಗಳ ನಡುವೆ. ಠಾಕೂರನ ಮನೆಯವರ ಹೆಣಗಳ ಮೇಲಿನ ಬಿಳಿ ಬಟ್ಟೆಗಳನ್ನು ಗಾಳಿ ಒಂದೊಂದಾಗಿ ಸರಿಸುವ ದೃಶ್ಯವನ್ನು ನೋಡಿದವರು ಮರೆತಿಲ್ಲ. ಸೇಡಿಗೆ ಬೇಕಾದ ದುಃಖವನ್ನು ಅಲ್ಲಿ ಮೊದಲು ಕಟ್ಟಿಕೊಡಲಾಗಿದೆ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲಿನ ಸಾಲು ಅಲ್ಲಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಹರಡಿ, ಹಂಪಿಯನ್ನು ದಾಟಿ, ತುಂಗಭದ್ರೆಯ ಆಚೆಗೂ ಹೋಗುತ್ತದೆ.

ಅಲ್ಲಿಂದ ಬಡಗಣಕ್ಕೆ ರಾಯಚೂರು ಸೀಮೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು. ವಳಕಮದಿನ್ನಿಯಂಥ ಹಳ್ಳಿಗಳ ಈ ಸೀಮೆಯಲ್ಲಿ ಕರಿ ಎರೆಭೂಮಿಯ ನಡುವೆ ತಟ್ಟನೆ ಬಂಡೆಗುಡ್ಡಗಳು ಎದ್ದು ನಿಲ್ಲುತ್ತವೆ. ಕೌಬಾಯ್ ಚಿತ್ರಗಳು ಕಟ್ಟುಕಥೆಯಲ್ಲಿ ಹುಡುಕಿದ್ದೆಲ್ಲ ಇಲ್ಲಿ ಇತಿಹಾಸದಲ್ಲೇ ಇದೆ. ಚಿನ್ನ ಬೇಕೇ? ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಪ್ರಾಚೀನರು ತೋಡಿದ ಗಣಿಗಳಿದ್ದವು, ಇವತ್ತಿಗೂ ನೆಲದಾಳದಿಂದ ಚಿನ್ನ ತೆಗೆಯುತ್ತಾರೆ. ನೀರಿನ ಜಗಳ ಬೇಕೇ? ಲಿಯೋನೆಯ 1968ರ ಚಿತ್ರದಲ್ಲಿ ಒಂದು ಕುಟುಂಬ ಹತವಾಗುವುದು ರೈಲಿಗೆ ಬೇಕಾದ ನೀರಿರುವ ಜಮೀನಿಗಾಗಿ. ಇಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಜೋಳದ ನೆಲ ಭತ್ತದ ಗದ್ದೆಯಾಯಿತು, ಆಂಧ್ರದಿಂದ ಬಂದವರು ಕ್ಯಾಂಪುಗಳನ್ನು ಕಟ್ಟಿ ನೆಲೆಸಿದರು, ಕಾಲುವೆಯ ಕೊನೆಯ ಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವುದು ವರ್ಷವರ್ಷದ ಮಾತಾಯಿತು. ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಕೇಳಿಸುತ್ತವೆ. ಹೊಸಬನೊಬ್ಬ ಬಸ್ಸಿಳಿದರೆ 'ಯಾವೂರು, ಯಾರ ಪೈಕಿ' ಎಂದು ವಿಚಾರಿಸುವ ಊರುಗಳು ಇವು.

ಇನ್ನೊಂದು ಸಂಗತಿಯೂ ಇಲ್ಲಿಯದೇ. ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಕ್ಷರಗಳನ್ನು ಕಂಡರು. ಅದುವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯನೆಂದಷ್ಟೇ ಇದ್ದ ದೊರೆಯ ಹೆಸರು ಅಶೋಕ ಎಂದು ಅಲ್ಲಿ ಕಲ್ಲಿನಲ್ಲೇ ಓದಸಿಕ್ಕಿತು. ಕಳಿಂಗದಲ್ಲಿ ಸತ್ತವರನ್ನು ನೆನೆದು ಮರುಗಿ, ಆ ಮರುಕವನ್ನು ಬಂಡೆಗಳ ಮೇಲೆ ಕೆತ್ತಿಸಿದ ದೊರೆ ಅವನು. ಕೊಂದವನೇ ಸತ್ತವರ ಲೆಕ್ಕ ಒಪ್ಪಿಸಿದ ಇಂಥ ಉದಾಹರಣೆ ಲೋಕದ ಇತಿಹಾಸದಲ್ಲಿ ಅಪರೂಪ. ಸೇಡಿನ ಕಥೆಯೊಂದನ್ನು ಈ ಸೀಮೆಯಲ್ಲಿ ಚಿತ್ರೀಕರಿಸುವವರಿಗೆ ಆ ಬಂಡೆ ಬರಿಯ ಹಿನ್ನೆಲೆ ಆಗಲಾರದು. ಬಂದೂಕು ಎತ್ತಿದವನು ಅದನ್ನು ಇಳಿಸಬಹುದೇ ಎಂಬ ಪ್ರಶ್ನೆಯನ್ನು ಕಥೆ ಎದುರಿಸಲೇಬೇಕಾಗುತ್ತದೆ.

ಹಣದ ಕೊರತೆ ಈಗ ಅಂಥ ದೊಡ್ಡ ಅಡ್ಡಿಯಲ್ಲ. ಫಿಲಂ ಉಳಿಸಲು ಲಿಯೋನೆ ಪಟ್ಟ ಪಾಡು ಡಿಜಿಟಲ್ ಕಾಲದಲ್ಲಿ ಇಲ್ಲ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಅಲ್ಲಿಯ ಜನರನ್ನೇ ನಟರನ್ನಾಗಿಸಿ, ಅಲ್ಲಿಯ ಮಾತನ್ನೇ ಆಡಿಸಿ ರಾಮ್ ರೆಡ್ಡಿ ಮಾಡಿದ 'ತಿಥಿ' 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ಅದೂ ಒಂದು ಸಾವಿನ ಸುತ್ತ ಹೆಣೆದ ಚಿತ್ರ. ಮಂಡ್ಯದ ಹಳ್ಳಿಯಲ್ಲಿ ಆದದ್ದು ರಾಯಚೂರು ಸೀಮೆಯಲ್ಲಿ ಆಗದಿರಲು ಕಾರಣವಿಲ್ಲ. ಇಲ್ಲಿಯ ಮಾತು ಬೆಂಗಳೂರಿನ ಸಿನಿಮಾದಲ್ಲಿ ಇಂದಿಗೂ ಹೆಚ್ಚಾಗಿ ನಗಿಸಲಿಕ್ಕೆ ಬಳಕೆಯಾಗುತ್ತಿದೆ. ಒಬ್ಬ ತಮ್ಮ ತನ್ನ ಅಣ್ಣನಿಗಾಗಿ ಅಳುವುದನ್ನು ಅದೇ ಮಾತಿನಲ್ಲಿ, ಒಂದು ಗಂಭೀರ ಚಿತ್ರದಲ್ಲಿ ಕೇಳಿಸಿಕೊಳ್ಳುವ ಹಕ್ಕು ಈ ಜನರಿಗಿದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಹೊಸ ಬರಹಗಾರರು, ಕಿರುಚಿತ್ರ ಮಾಡುತ್ತಿರುವ ಹುಡುಗ ಹುಡುಗಿಯರು ಈ ಕಥೆಯನ್ನು ಕೈಗೆತ್ತಿಕೊಳ್ಳಬೇಕು. ರನ್ನನನ್ನು ಓದಿ, ಲಿಯೋನೆಯನ್ನು ನೋಡಿ, ಆಮೇಲೆ ತಮ್ಮೂರಿನ ಗುಡ್ಡದ ಕೆಳಗೆ ಕ್ಯಾಮೆರಾ ಇಡಲಿ. ಬರೆದ ಚಿತ್ರಕಥೆ, ಕಥೆ, ಹಳ್ಳಿಯ ಹಿರಿಯರಿಂದ ಕೇಳಿ ಬರೆದುಕೊಂಡ ಆಟದ ಪದ, ಏನಿದ್ದರೂ ಪತ್ರಿಕೆಗೆ ಕಳಿಸಲಿ. ಓದಿ ಒಪ್ಪಿಗೆಯಾದವನ್ನು ಪ್ರಕಟಿಸಲು ಈ ಪುಟಗಳಲ್ಲಿ ಜಾಗವಿದೆ.