ಗಲ್ಲಾಪೆಟ್ಟಿಗೆಯಿಂದ ಹತ್ತು ದಿನ ದೂರ

'ದೇಶ ಸುತ್ತು, ಇಲ್ಲವೇ ಕೋಶ ಓದು' ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಕೋಶವೆಂದರೆ ಇಲ್ಲಿ ಗ್ರಂಥ. ಆದರೆ ಆ ಶಬ್ದಕ್ಕೆ ಬೊಕ್ಕಸವೆಂಬ ಅರ್ಥವೂ ಇರುವುದರಿಂದಲೋ ಏನೋ, ವರ್ತಕ ಬಾಂಧವರಲ್ಲಿ ಅನೇಕರು ದೇಶ ಸುತ್ತುವುದನ್ನು ಬಿಟ್ಟು ಕೋಶವನ್ನೇ ಕಾಯುತ್ತ ಕುಳಿತಿದ್ದಾರೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದು, ರಾತ್ರಿ ಒಂಬತ್ತೂವರೆಗೆ ಬೀಗ ಹಾಕಿ, ಅದನ್ನು ಎರಡು ಬಾರಿ ಜಗ್ಗಿ ನೋಡಿ ಮನೆಗೆ ತೆರಳುವ ಮಾಲೀಕರು ಪ್ರತಿಯೊಂದು ಪೇಟೆಯಲ್ಲೂ ಇದ್ದಾರೆ. 'ಇಪ್ಪತ್ತು ವರ್ಷಗಳಲ್ಲಿ ಒಂದು ದಿನವೂ ಅಂಗಡಿ ಬಿಟ್ಟವನಲ್ಲ' ಎಂದು ಅವರು ಹೆಮ್ಮೆಯಿಂದ ಹೇಳುತ್ತಾರೆ, ಕೇಳಿದವರೂ ತಲೆದೂಗುತ್ತಾರೆ. ಲೆಕ್ಕಪರಿಶೋಧಕನ ಕಿವಿಗೆ ಮಾತ್ರ ಈ ಮಾತು ಗಾಬರಿ ಹುಟ್ಟಿಸುತ್ತದೆ.

ಅದಕ್ಕೆ ಕಾರಣವನ್ನು ಬ್ಯಾಂಕುಗಳ ವ್ಯವಸ್ಥೆಯಲ್ಲಿ ಕಾಣಬಹುದು. ಭಾರತೀಯ ರಿಸರ್ವ್ ಬ್ಯಾಂಕು 2021ರ ಜುಲೈಯಲ್ಲಿ ಬ್ಯಾಂಕುಗಳಿಗೆ ಒಂದು ಸೂಚನೆ ನೀಡಿತು. ಅದರಂತೆ, ಸೂಕ್ಷ್ಮ ಹುದ್ದೆಗಳಲ್ಲಿರುವ ನೌಕರರನ್ನು ಪ್ರತಿವರ್ಷ, ಮುನ್ಸೂಚನೆ ಕೊಡದೆ, ಕನಿಷ್ಠ 10 ಕೆಲಸದ ದಿನಗಳ ಕಾಲ ಒಂದೇ ಕಂತಿನಲ್ಲಿ ಕಡ್ಡಾಯ ರಜೆಯ ಮೇಲೆ ಕಳುಹಿಸಬೇಕು. ಆ ಅವಧಿಯಲ್ಲಿ ಅವರು ಮನೆಯಲ್ಲಿ ಕುಳಿತು ಕಂಪ್ಯೂಟರಿನ ಮೂಲಕವೂ ಕಡತಗಳನ್ನು ಮುಟ್ಟುವಂತಿಲ್ಲ. ಒಂದೇ ಕುರ್ಚಿಯಲ್ಲಿ ಎಡೆಬಿಡದೆ ಕುಳಿತವನು ಮುಚ್ಚಿಟ್ಟದ್ದು, ಬೇರೊಬ್ಬನು ಆ ಕುರ್ಚಿಯಲ್ಲಿ ಕುಳಿತಾಗ ಹೊರಬರುತ್ತದೆ ಎಂಬುದು ಇದರ ಹಿಂದಿನ ತತ್ತ್ವ.

ಅಂಗಡಿಯ ಮಾಲೀಕನು ತನ್ನ ಹಣವನ್ನು ತಾನೇ ಕದಿಯುವುದಿಲ್ಲವೆಂಬುದು ನಿಜ. ಆದರೆ ಅವನಿಗೆ ತಿಳಿಯದಂತೆಯೇ ಎಷ್ಟೋ ಸಂಗತಿಗಳು ಅವನೊಳಗೆ ಹೂತುಹೋಗಿರುತ್ತವೆ. ಯಾವ ಊರಿನ ಲೆಕ್ಕಪರಿಶೋಧಕರನ್ನು ಕೇಳಿದರೂ ಇಂತಹ ಒಂದು ಪ್ರಸಂಗವನ್ನು ಹೇಳಿಯಾರು: ಐವತ್ತೆಂಟರ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರು ಒಂದು ಮುಂಜಾನೆ ಎದೆನೋವೆಂದು ಆಸ್ಪತ್ರೆ ಸೇರುತ್ತಾರೆ. ಬಿ.ಕಾಂ. ಮುಗಿಸಿ ಆರು ವರ್ಷಗಳಿಂದ ತಂದೆಯ ಪಕ್ಕದಲ್ಲೇ ಕುಳಿತಿದ್ದ ಮಗನು ಅಂದು ಮೊದಲ ಬಾರಿಗೆ ಗಲ್ಲಾಪೆಟ್ಟಿಗೆಯ ಮುಂದೆ ಒಬ್ಬನೇ ಕೂರುತ್ತಾನೆ. ಚೆಕ್ಕಿಗೆ ಸಹಿ ಹಾಕುವ ಅಧಿಕಾರ ತಂದೆಗೆ ಮಾತ್ರ. ಜಿಎಸ್‌ಟಿ ರಿಟರ್ನಿಗೆ ಬೇಕಾದ ಒಟಿಪಿ ತಂದೆಯ ಮೊಬೈಲಿಗೆ ಬರುತ್ತದೆ. ಆ ಮೊಬೈಲು ಆಸ್ಪತ್ರೆಯಲ್ಲಿ ಯಾರದೋ ಕೈಚೀಲದೊಳಗೆ ಬ್ಯಾಟರಿ ಮುಗಿದು ಬಿದ್ದಿದೆ. ಯಾವ ಗುತ್ತಿಗೆದಾರನಿಗೆ ಯಾವ ದರ ಎಂಬುದು ತಂದೆಯ ತಲೆಯಲ್ಲಿದೆ. ಉದ್ರಿಯ ಅರ್ಧಭಾಗ ಖಾತೆ ಪುಸ್ತಕದಲ್ಲಿದ್ದರೆ, ಉಳಿದರ್ಧ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವರಿಗಷ್ಟೇ ಅರ್ಥವಾಗುವ ಗುರುತುಗಳಲ್ಲಿದೆ. ತಂದೆ ಗುಣಮುಖರಾಗಿ ಮರಳಿದರೂ ಆ ಬಾಕಿಯೆಲ್ಲವೂ ಮರಳುವುದಿಲ್ಲ.

ಇದೇ ಯಜಮಾನರು ವರ್ಷಕ್ಕೆ ಎರಡು ಬಾರಿ, ಕಾಶಿಯವರೆಗೆ ಬೇಡ, ಗೋಕರ್ಣಕ್ಕೋ ಬೇಲೂರು-ಹಳೇಬೀಡಿಗೋ ನಾಲ್ಕು ದಿನ ಹೋಗಿಬರುತ್ತಿದ್ದರೆ ಮಗನು ಈ ಪಾಠವನ್ನು ಅಗ್ಗದ ಬೆಲೆಗೆ ಕಲಿಯುತ್ತಿದ್ದನು. ಹಾಗಾದರೆ ಅವರು ಏಕೆ ಹೋಗುವುದಿಲ್ಲ? 'ನಾನಿಲ್ಲದಿದ್ದರೆ ಅಂಗಡಿ ನಿಂತುಹೋಗುತ್ತದೆ' ಎಂಬುದು ಬಾಯಲ್ಲಿ ಬರುವ ಉತ್ತರ. ತಾನಿಲ್ಲದೆಯೂ ಅಂಗಡಿ ಸುಗಮವಾಗಿ ನಡೆದುಬಿಟ್ಟೀತೆಂಬ ಅಳುಕು ಅದಕ್ಕಿಂತ ದೊಡ್ಡದು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪ್ರವಾಸದ ಮೊದಲ ವೈಯಕ್ತಿಕ ಲಾಭವೆಂದರೆ ಈ ಅಳುಕನ್ನು ಒಮ್ಮೆ ಎದುರಿಸಿ ಮುಗಿಸುವುದು. ನಿದ್ದೆ, ರಕ್ತದೊತ್ತಡ, ಹೆಂಡತಿ ಮಕ್ಕಳೊಡನೆ ಸಾವಕಾಶವಾದ ನಾಲ್ಕು ಮಾತು ಇವೆಲ್ಲ ತಾವಾಗಿಯೇ ಹಿಂದೆ ಬರುತ್ತವೆ. ಅವುಗಳ ಬಗ್ಗೆ ವೈದ್ಯರು ಸಾಕಷ್ಟು ಹೇಳಿದ್ದಾರೆ.

ಎರಡನೆಯದು, ಪರಸ್ಥಳದಲ್ಲಿ ಮಾಲೀಕನು ಗಿರಾಕಿಯಾಗುತ್ತಾನೆ. ಸ್ವಂತ ಪೇಟೆಯಲ್ಲಿ 'ಸಾಹುಕಾರ್ರೇ' ಎಂದು ಎದ್ದುನಿಲ್ಲುವ ಜನರ ನಡುವೆ ಬದುಕುವವನಿಗೆ, ಅಪರಿಚಿತ ಊರಿನ ಲಾಡ್ಜಿನ ಕೌಂಟರಿನಲ್ಲಿ ಹದಿನೈದು ನಿಮಿಷ ಕಾಯುವಾಗ ಹೊಸತೊಂದು ಅನುಭವವಾಗುತ್ತದೆ. ಅಂಗಡಿಯ ಹುಡುಗನು ಮೊಬೈಲಿನಿಂದ ತಲೆಯೆತ್ತದೆ 'ಅದಿಲ್ಲ' ಎಂದಾಗ ಮನಸ್ಸಿಗೆ ಹೇಗಾಗುತ್ತದೆಂಬುದು ತಿಳಿಯುತ್ತದೆ. ಕೊಂಡ ವಸ್ತುವನ್ನು ಬದಲಾಯಿಸಿಕೊಳ್ಳಲು ಹೋದಾಗ ಬಿಲ್ಲನ್ನು ತಿರುವಿ ತಿರುವಿ ನೋಡುವವನ ಮುಖ ನೆನಪಿನಲ್ಲಿ ಉಳಿಯುತ್ತದೆ. ಊರಿಗೆ ಮರಳಿದ ಬಳಿಕ ತನ್ನ ಕೌಂಟರಿನ ಹುಡುಗನನ್ನು ಅವನು ನೋಡುವ ದೃಷ್ಟಿಯೇ ಬೇರೆಯಾಗಿರುತ್ತದೆ. ಸಣ್ಣ ಕೈಗಾರಿಕೆಯವರಿಗೂ ಹೀಗೆಯೇ. ಬೆಳಗಾವಿಯ ಫೌಂಡ್ರಿ ಮಾಲೀಕರು ಕೊಲ್ಲಾಪುರದಲ್ಲಿ, ಹುಬ್ಬಳ್ಳಿಯ ಪಂಪು ತಯಾರಕರು ಕೊಯಮತ್ತೂರಿನಲ್ಲಿ, ಪೀಣ್ಯದವರು ರಾಜಕೋಟೆಯಲ್ಲಿ ಒಂದು ಮಧ್ಯಾಹ್ನ ಕಳೆದರೆ, ತಮ್ಮಂತಹದೇ ಶೆಡ್ಡಿನಲ್ಲಿ ತಮ್ಮಂತಹದೇ ಯಂತ್ರದ ಮುಂದೆ ಬೇರೊಬ್ಬನು ಅದೇ ಕೆಲಸವನ್ನು ಹೇಗೆ ಮಾಡುತ್ತಾನೆಂಬುದನ್ನು ಕಣ್ಣಾರೆ ಕಾಣಬಹುದು.

ಇದು ಈ ನಾಡಿಗೆ ಹೊಸ ವಿಚಾರವೇನೂ ಆಗಿರಲಿಲ್ಲ. ಐಹೊಳೆಯ ಐನೂರ್ವರು ತಮ್ಮನ್ನು 'ನಾನಾದೇಶಿ'ಗಳೆಂದು ಕರೆದುಕೊಂಡರು. ಅವರ ಸಂಘದ ಹೆಸರನ್ನು ಹೊತ್ತ, ಕ್ರಿ.ಶ. 1088ರ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಲೋಬು ತುವಾದಲ್ಲಿ ದೊರೆತಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಎಂಜಿನಿಯರಾಗಿದ್ದಾಗಲೇ, 1898ರಲ್ಲಿ ಜಪಾನಿಗೆ ಹೋಗಿಬಂದರು. ಮುಂದೆ 1916ರಲ್ಲಿ ಅವರ ಪ್ರೇರಣೆಯಿಂದ ಮೈಸೂರು ಛೇಂಬರ್ ಆಫ್ ಕಾಮರ್ಸ್ ಹುಟ್ಟಿದಾಗ, ಕೈಗಾರಿಕೆಯ ಬಗೆಗಿನ ಅವರ ಮಾತಿಗೆ ಕಣ್ಣಾರೆ ಕಂಡ ದೇಶಗಳ ಆಧಾರವಿತ್ತು.

ಕಂಪನಿಗಳು ಗುರಿ ಮುಟ್ಟಿದ ಡೀಲರುಗಳನ್ನು ಬ್ಯಾಂಕಾಕಿಗೋ ದುಬೈಗೋ ಕರೆದೊಯ್ಯುವ ಪದ್ಧತಿಯನ್ನು ಈ ಸಾಲಿನಲ್ಲಿ ಸೇರಿಸಲಾಗದು. ನಲವತ್ತು ಸಿಮೆಂಟ್ ಡೀಲರುಗಳು ಒಂದೇ ಬಸ್ಸಿನಲ್ಲಿ ಕುಳಿತು, ಊರಿನ ಅಡುಗೆಯವನು ಮಾಡಿದ ಅನ್ನ-ಸಾರು ಉಂಡು, ಸಿಮೆಂಟಿನ ದರವನ್ನೇ ಮಾತಾಡಿಕೊಂಡು ಬಂದರೆ ಸ್ಥಳ ಬದಲಾಯಿತೇ ಹೊರತು ಪ್ರವಾಸವಾಗಲಿಲ್ಲ. ಅದು ಪುಕ್ಕಟೆಯೂ ಅಲ್ಲ. ಇಂತಹ ಸವಲತ್ತಿನ ಮೌಲ್ಯ ವರ್ಷಕ್ಕೆ 20,000 ರೂಪಾಯಿ ಮೀರಿದರೆ ಶೇಕಡಾ 10ರ ಟಿಡಿಎಸ್ ಕಡಿತ ಮಾಡಬೇಕೆಂಬ ನಿಯಮ 2022ರ ಜುಲೈ 1ರಂದು ಜಾರಿಗೆ ಬಂದಿತು.

ಖರ್ಚಿನ ಮಾತು ಬಂದಾಗ ಒಂದು ಸಂಗತಿಯನ್ನು ಸ್ಪಷ್ಟಪಡಿಸುವುದು ಒಳಿತು. ಕುಟುಂಬದೊಡನೆ ಕೈಗೊಂಡ ಪ್ರವಾಸವನ್ನು 'ಮಾರುಕಟ್ಟೆ ಸಮೀಕ್ಷೆ' ಎಂಬ ಹೆಸರಿನಲ್ಲಿ ವ್ಯವಹಾರದ ವೆಚ್ಚಕ್ಕೆ ಸೇರಿಸುವ ಅಭ್ಯಾಸ ಕೆಲವರಲ್ಲಿದೆ. ವೈಯಕ್ತಿಕ ವೆಚ್ಚಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿಲ್ಲ. ಅದು ಮಾಲೀಕನ ಡ್ರಾಯಿಂಗ್ಸ್ ಖಾತೆಗೇ ಹೋಗಬೇಕು. ನೌಕರನಿಗಾದರೋ ಹಳೆಯ ತೆರಿಗೆ ಪದ್ಧತಿಯಲ್ಲಿ ನಾಲ್ಕು ವರ್ಷಗಳಿಗೆ ಎರಡು ಬಾರಿ ಸ್ವದೇಶ ಪ್ರಯಾಣದ ರಿಯಾಯಿತಿಗೆ ವಿನಾಯಿತಿಯುಂಟು. ಸ್ವಂತ ಅಂಗಡಿಯವನಿಗೆ ಅಂತಹುದೇನೂ ಇಲ್ಲದಿರುವುದು ವಿಷಾದದ ಸಂಗತಿ. ಹಾಗೆಂದು ಮನೆಯಲ್ಲೇ ಕೂರಬೇಕಾಗಿಲ್ಲ. ದೂರದ ಪ್ರವಾಸ ಎರಡು ವರ್ಷಕ್ಕೊಮ್ಮೆಯಾದರೂ ಸಾಕು, ಹತ್ತಿರದ್ದು ಮೂರು ತಿಂಗಳಿಗೊಮ್ಮೆ ಆಗಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ಮನೆಯ ಹೆಂಗಸರು ಸವದತ್ತಿ, ಶೃಂಗೇರಿ, ಮಲೆ ಮಹದೇಶ್ವರ ಬೆಟ್ಟಗಳನ್ನು ನೋಡಿ ಬಂದಿದ್ದಾರೆ. ಅವರ ಟಿಕೆಟಿನ ಹಣವೂ ಉಳಿದಿದೆ. ಯಜಮಾನರು ಮಾತ್ರ ಗಾದಿಯ ಮೇಲೆಯೇ ಇದ್ದಾರೆ. ತಿಂಗಳ ರಿಟರ್ನ್ ಸಲ್ಲಿಸುವವರು 11ರಂದು ಜಿಎಸ್‌ಟಿಆರ್-1, 20ರಂದು ಜಿಎಸ್‌ಟಿಆರ್-3ಬಿ ಮುಗಿಸಿದರೆ, 21ರಿಂದ ತಿಂಗಳ ಕೊನೆಯವರೆಗೆ ಹೊರಡಲು ತೆರಿಗೆಯ ನೆಪವೂ ಉಳಿಯುವುದಿಲ್ಲ.

ಇನ್ನು ಮೊಬೈಲಿನ ವಿಚಾರ. ಧರ್ಮಸ್ಥಳದಲ್ಲಿ ದರ್ಶನದ ಸಾಲಿನಲ್ಲಿ ನಿಂತು ಅಂಗಡಿಯ ಸಿಸಿಟಿವಿ ನೋಡುತ್ತ, 'ಆ ಮೂರನೇ ರ‍್ಯಾಕಿನ ಹತ್ತಿರ ಯಾರದು?' ಎಂದು ಕೂಗಿ ಕೇಳುವ ಮಾಲೀಕರಿದ್ದಾರೆ. ಬ್ಯಾಂಕಿನ ನೌಕರನಿಗೆ ನಿಷಿದ್ಧವಾದುದು ಇದೇ. ರಾತ್ರಿ ಬೀಗ ಹಾಕಿದ ಮೇಲೆ ಮಗನಿಂದ ಒಂದು ಕರೆ ಬಂದರೆ ಸಾಕೆಂದು ಹೊರಡುವ ಮುನ್ನವೇ ನಿಗದಿ ಮಾಡಿಕೊಂಡವರು ಮೊದಲ ಪ್ರವಾಸದಲ್ಲಿ ಆ ಕರೆಗಾಗಿ ಎಂಟು ಗಂಟೆಯಿಂದಲೇ ಕಾಯುತ್ತಾರೆ. ಎರಡನೆಯ ವರ್ಷ ಊಟದ ನಡುವೆ ಎತ್ತಿ ಮಾತಾಡುತ್ತಾರೆ. ಮೂರನೆಯ ವರ್ಷ ಮಗನೇ ಕರೆ ಮಾಡಲು ಮರೆತಿರುತ್ತಾನೆ. ಅದು ತಂದೆಗೆ ನೆನಪಾಗುವುದು ಮರುದಿನ ಬೆಳಗಿನ ಕಾಫಿಯ ಹೊತ್ತಿಗೆ.