ಕಾರಿನದ್ದು ಬರೀ 12 ವೋಲ್ಟ್, ಅದರಿಂದ ಬೆಂಕಿ ಹತ್ತುತ್ತಾ?

ಕಾರಿಗೆ ದೊಡ್ಡ ಸಬ್‌ವೂಫರ್, ಆಂಪ್ಲಿಫೈಯರ್ ಹಾಕಿಸಲು ಹೊರಟವರಿಗೆ ವಾಟ್ಸಾಪ್ ಗುಂಪುಗಳಲ್ಲಿ ಸಿಗುವ ಸಲಹೆಗಳು ಹೆಚ್ಚುಕಡಿಮೆ ಇವೇ. ‘ಕಾರಿನಲ್ಲಿರೋದು ಬರೀ 12 ವೋಲ್ಟ್, ಶಾಕ್ ಕೂಡ ಹೊಡೆಯಲ್ಲ, ಹೆದರಬೇಡಿ.’ ‘ಹೆಡ್‌ಲೈಟ್ ಮಂಕಾದರೆ ಒಂದು ಕೆಪಾಸಿಟರ್ ಹಾಕಿಸಿ, ಸರಿಹೋಗುತ್ತೆ.’ ‘ಫ್ಯೂಸ್ ಪದೇ ಪದೇ ಹೋದರೆ ದೊಡ್ಡದು ಹಾಕಿ.’ ಮೊದಲನೆಯದು ಅರ್ಧ ಸತ್ಯ, ಎರಡನೆಯದು ಬಹುಪಾಲು ದುಡ್ಡು ದಂಡ, ಮೂರನೆಯದು ನಿಜಕ್ಕೂ ಅಪಾಯ.

ಬ್ಯಾಟರಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಎಂಬುದು ಸರಿ. ಆದರೆ ತಂತಿ ಕಾಯುವುದು ವೋಲ್ಟ್‌ನಿಂದಲ್ಲ, ಅದರೊಳಗೆ ಹರಿಯುವ ಕರೆಂಟ್‌ನಿಂದ, ಅಂದರೆ ಆಂಪಿಯರ್‌ನಿಂದ. ಅಷ್ಟೇ ವ್ಯಾಟ್ ಬೇಕಿದ್ದು ವೋಲ್ಟ್ ಕಡಿಮೆಯಿದ್ದರೆ ಆಂಪಿಯರ್ ಹೆಚ್ಚಲೇಬೇಕು. ಮನೆಯ 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 9 ಆಂಪಿಯರ್. ಕಾರಿನಲ್ಲಿ ನಿಜವಾಗಿಯೂ 1000 ವ್ಯಾಟ್ ಕೊಡುವ ಆಂಪ್ಲಿಫೈಯರ್, ಶೇಕಡ 80ರಷ್ಟು ದಕ್ಷತೆ ಇರುವ ಕ್ಲಾಸ್ ಡಿ ಮಾದರಿಯೇ ಆದರೂ, ಪೂರ್ತಿ ಜೋರಿನಲ್ಲಿ ಸುಮಾರು 90 ಆಂಪಿಯರ್ ಎಳೆಯುತ್ತದೆ. ಗೀಸರ್‌ನ ಅರ್ಧ ವ್ಯಾಟ್, ಹತ್ತು ಪಟ್ಟು ಕರೆಂಟ್!

‘ಗೀಸರ್‌ಗೆ ಸಾಲುವ ವೈರ್ ಇದಕ್ಕೆ ಸಾಲದೇ?’ ಎಂದು ಕೇಳುವವರು ಲೆಕ್ಕ ತಪ್ಪುವುದು ಇಲ್ಲೇ. ಮನೆಗೆ ಬಳಸುವ 4 ಚದರ ಮಿಲಿಮೀಟರ್ ತಾಮ್ರದ ವೈರನ್ನು ಬ್ಯಾಟರಿಯಿಂದ ಡಿಕ್ಕಿಯವರೆಗೆ 5 ಮೀಟರ್ ಎಳೆದು 90 ಆಂಪಿಯರ್ ಹರಿಸಿದರೆ ದಾರಿಯಲ್ಲೇ ಸುಮಾರು 2 ವೋಲ್ಟ್ ನಷ್ಟವಾಗುತ್ತದೆ, ವೈರ್‌ನಲ್ಲಿ 180 ವ್ಯಾಟ್‌ನಷ್ಟು ಬಿಸಿ ಹುಟ್ಟುತ್ತದೆ. ಹಳೇ ಕಾಲದ 100 ವ್ಯಾಟ್ ಬಲ್ಬ್ ಹೆಚ್ಚುಕಡಿಮೆ ಎರಡನ್ನು ಕಾರ್ಪೆಟ್ ಕೆಳಗೆ ಉರಿಸಿಟ್ಟ ಹಾಗೆ. 25 ಚದರ ಮಿಲಿಮೀಟರ್ ವೈರ್ ಆದರೆ ಈ ಬಿಸಿ 30 ವ್ಯಾಟ್ ಒಳಗೇ ಇರುತ್ತದೆ. ಅಗ್ಗದ ಕಿಟ್‌ಗಳಲ್ಲಿ ಇನ್ನೊಂದು ಮೋಸವಿದೆ: ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ. ಅಷ್ಟೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಅದರ ಸಾಮರ್ಥ್ಯ ಮೂರನೇ ಎರಡು ಭಾಗದ ಆಸುಪಾಸು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ.

ಇನ್ನು ಬಾಕ್ಸ್ ಮೇಲಿನ ‘3000 ವ್ಯಾಟ್’. ಅದನ್ನು ನಂಬುವ ಮೊದಲು ಆಂಪ್ಲಿಫೈಯರ್ ಬದಿಯಲ್ಲಿರುವ ಫ್ಯೂಸ್ ನೋಡಿ. 30 ಆಂಪಿಯರ್‌ನ ಎರಡು ಫ್ಯೂಸ್ ಇದ್ದರೆ ಒಟ್ಟು 60. ಅದನ್ನು 13.8 ವೋಲ್ಟ್‌ಗೆ ಗುಣಿಸಿದರೆ 828 ವ್ಯಾಟ್. ಒಳಗೆ ಹೋಗುವುದೇ ಅಷ್ಟಾದರೆ ಸತತವಾಗಿ 3000 ಹೊರಬರುವುದು ಎಲ್ಲಿಂದ? ನೋಡಬೇಕಾದ ಸಂಖ್ಯೆ ಆರ್‌ಎಂಎಸ್ ವ್ಯಾಟ್.

ಈಗ ಹೆಡ್‌ಲೈಟ್ ಮಂಕಾಗುವ ವಿಷಯ. ಎಂಜಿನ್ ಓಡುತ್ತಿರುವಾಗ ಕಾರಿಗೆ ಕರೆಂಟ್ ಕೊಡುವುದು ಬ್ಯಾಟರಿಯಲ್ಲ, ಆಲ್ಟರ್ನೇಟರ್. ಚಿಕ್ಕ ಕಾರುಗಳಲ್ಲಿ ಇದು ಸಾಮಾನ್ಯವಾಗಿ 60ರಿಂದ 90 ಆಂಪಿಯರ್‌ನದ್ದು. ಅದೂ ಎಂಜಿನ್ ವೇಗವಾಗಿ ತಿರುಗುವಾಗ. ಮಳೆಗಾಲದ ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಎಂಜಿನ್ ಐಡಲ್‌ನಲ್ಲಿದೆ, ಎಸಿ, ವೈಪರ್, ಹೆಡ್‌ಲೈಟ್, ರೇಡಿಯೇಟರ್ ಫ್ಯಾನ್ ಎಲ್ಲ ಓಡುತ್ತಿವೆ. ಅದರ ಮೇಲೆ ಬೇಸ್ ಗುದ್ದಿದಾಗ ಕೊರತೆಯನ್ನು ಬ್ಯಾಟರಿ ತುಂಬುತ್ತದೆ, ವೋಲ್ಟ್ ಕುಸಿಯುತ್ತದೆ, ದೀಪ ಮಿಣುಕುತ್ತದೆ.

ಕೆಪಾಸಿಟರ್ ಕರೆಂಟ್ ಉತ್ಪಾದಿಸುವುದಿಲ್ಲ, ಸ್ವಲ್ಪ ಕೂಡಿಡುತ್ತದೆ ಅಷ್ಟೇ. ಎಷ್ಟು? 1 ಫ್ಯಾರಡ್ ಕೆಪಾಸಿಟರ್ 14 ವೋಲ್ಟ್‌ನಿಂದ 12ಕ್ಕೆ ಇಳಿಯುವಾಗ ಬಿಟ್ಟುಕೊಡುವ ಶಕ್ತಿ 26 ಜೂಲ್. 1000 ವ್ಯಾಟ್ ಎಳೆತಕ್ಕೆ ಅದು ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟು ಹೊತ್ತು ಬರುತ್ತದೆ. ಒಂದು ಗುದ್ದಿಗೂ ಸಾಲದು. ಹಿಂದೆ ಇನ್ನೊಂದು ಬ್ಯಾಟರಿ ಇಟ್ಟರೂ ಅದನ್ನು ಚಾರ್ಜ್ ಮಾಡಬೇಕಾದದ್ದು ಅದೇ ಆಲ್ಟರ್ನೇಟರ್. ಒಂದೇ ನಲ್ಲಿಗೆ ಎರಡು ಬಿಂದಿಗೆ ಇಟ್ಟರೆ ನೀರು ಹೆಚ್ಚು ಬರುತ್ತದೆಯೇ? ಎಂಜಿನ್ ಆಫ್ ಮಾಡಿ ಹಾಡು ಕೇಳುವವರಿಗೆ ಮಾತ್ರ ಅದು ಉಪಯೋಗ.

ಮೊದಲು ಮಾಡಿಸಬೇಕಾದದ್ದು ಅಗ್ಗದ ಕೆಲಸ. ಆಲ್ಟರ್ನೇಟರ್‌ನಿಂದ ಬ್ಯಾಟರಿಯ ಪ್ಲಸ್‌ಗೆ, ಬ್ಯಾಟರಿಯ ಮೈನಸ್‌ನಿಂದ ಬಾಡಿಗೆ, ಎಂಜಿನ್‌ನಿಂದ ಬಾಡಿಗೆ ಹೋಗುವ ಮೂರು ವೈರ್‌ಗಳ ಜೊತೆಗೆ ದಪ್ಪ ವೈರ್ ಸೇರಿಸುವುದು. ಅರ್ಥಿಂಗ್ ಕಚ್ಚುವ ಜಾಗದಲ್ಲಿ ಪೇಂಟ್ ಕೆರೆದು ಬರೀ ಲೋಹಕ್ಕೆ ಬಿಗಿಯಬೇಕು. ಇದಾದ ಮೇಲೂ, ಬೇಸ್ ಬಂದಾಗ ಮಲ್ಟಿಮೀಟರ್ 12.5 ವೋಲ್ಟ್‌ಗಿಂತ ಕೆಳಗೆ ತೋರಿಸುತ್ತಲೇ ಇದ್ದರೆ ದೊಡ್ಡ ಆಲ್ಟರ್ನೇಟರ್ ಮಾತ್ರ ದಾರಿ. ಹಾಡಿನಲ್ಲಿ ಸದಾ ಪೂರ್ತಿ ಜೋರು ಇರುವುದಿಲ್ಲ, ಹಾಗಾಗಿ 300-400 ಆರ್‌ಎಂಎಸ್ ವ್ಯಾಟ್‌ವರೆಗೆ ಬಹುತೇಕ ಕಾರುಗಳಿಗೆ ಇದ್ಯಾವುದೂ ಬೇಕಾಗುವುದಿಲ್ಲ. ನಿಜ ಹೇಳಬೇಕೆಂದರೆ ಹ್ಯಾಚ್‌ಬ್ಯಾಕ್ ಒಳಗೆ ಕೂತ ಕಿವಿಗೂ ಅಷ್ಟು ಸಾಕು.

ಕೊನೆಗೆ ಫ್ಯೂಸ್. ಅದು ಇರುವುದು ಆಂಪ್ಲಿಫೈಯರ್ ಕಾಯಲು ಎಂದು ಅನೇಕರ ನಂಬಿಕೆ. ಆಂಪ್ಲಿಫೈಯರ್‌ಗೆ ಅದರದೇ ಫ್ಯೂಸ್ ಇದೆ. ಬ್ಯಾಟರಿ ಹತ್ತಿರದ ಫ್ಯೂಸ್ ಕಾಯುವುದು ವೈರನ್ನು. ದಪ್ಪ ವೈರ್ ಎಂಜಿನ್ ಕಡೆಯಿಂದ ತಗಡಿನ ತೂತಿನ ಮೂಲಕ ಒಳಬರುತ್ತದೆ. ಅಲ್ಲಿ ರಬ್ಬರ್ ಬುಷ್ ಇಲ್ಲದಿದ್ದರೆ ನಮ್ಮ ರಸ್ತೆಗಳ ಕುಲುಕಾಟಕ್ಕೆ ಇನ್ಸುಲೇಶನ್ ಸವೆದು ತಾಮ್ರ ತಗಡಿಗೆ ತಾಗುತ್ತದೆ. ಆ ಕ್ಷಣ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಸ್ಟಾರ್ಟರ್ ಮೋಟಾರನ್ನು ತಿರುಗಿಸುವ ಬ್ಯಾಟರಿ ಅಲ್ಲವೇ ಅದು! ಫ್ಯೂಸ್ ಡಿಕ್ಕಿಯಲ್ಲಿದ್ದರೆ ಪ್ರಯೋಜನವಿಲ್ಲ, ಶಾರ್ಟ್ ಆಗಿರುವುದು ಅದಕ್ಕಿಂತ ಮೊದಲೇ. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ, ವೈರ್ ತಾಳುವ ಆಂಪಿಯರ್‌ಗಿಂತ ಹೆಚ್ಚಿಲ್ಲದ ಫ್ಯೂಸ್ ಇರಬೇಕು. ಅದು ಪದೇ ಪದೇ ಹೋದರೆ ಎಲ್ಲೋ ತೊಂದರೆ ಇದೆ ಎಂದೇ ಅರ್ಥ. ದೊಡ್ಡ ಫ್ಯೂಸ್ ಹಾಕುವುದಾಗಲಿ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದಾಗಲಿ ಮಾಡಿದರೆ ಮುಂದಿನ ಸಲ ಉರಿಯುವುದು ಫ್ಯೂಸ್ ಅಲ್ಲ, ವೈರ್.

ಕೆಲಸ ಮುಗಿದ ಮೇಲೆ ಅಂಗಡಿಯ ಮುಂದೆಯೇ ಎಂಜಿನ್ ಆನ್ ಇಟ್ಟು ಅರ್ಧ ಗಂಟೆ ಹಾಡು ಹಾಕಿ. ಆಮೇಲೆ ಎಲ್ಲ ಆಫ್ ಮಾಡಿ ಬಾನೆಟ್ ತೆಗೆದು ಫ್ಯೂಸ್ ಹೋಲ್ಡರ್ ಹತ್ತಿರ ಕೈ ಒಯ್ದು ನೋಡಿ. ಎಂಜಿನ್ ಶಾಖಕ್ಕೆ ಬೆಚ್ಚಗಿದ್ದರೆ ಪರವಾಗಿಲ್ಲ. ಮುಟ್ಟಲಾಗದಷ್ಟು ಸುಡುತ್ತಿದ್ದರೆ ಜಾಯಿಂಟ್ ಸಡಿಲವಿದೆ, ಇಲ್ಲವೇ ವೈರ್ ಸಣ್ಣದಾಗಿದೆ. ಸರಿಮಾಡಿಸಿಯೇ ಗಾಡಿ ತೆಗೆಯಿರಿ.